ಎರಡು ವಿದೇಹ, ಎರಡು ಪುಷ್ಕಲಾವತಿ: ಕಾವ್ಯದ ದೇಶನಾಮಗಳನ್ನು ಓದುವ ಬಗೆ

ಹಳಗನ್ನಡದ ಜೈನಪುರಾಣಗಳನ್ನು ಕುರಿತ ಸಾಂಸ್ಕೃತಿಕ ಅಧ್ಯಯನಗಳಲ್ಲಿ ‘ಭೌಗೋಳಿಕ ವಿವರಗಳು’ ಎಂಬ ಅಧ್ಯಾಯವೊಂದು ತಪ್ಪದೆ ಇರುತ್ತದೆ. ಕಾವ್ಯದಲ್ಲಿ ಬಂದ ದೇಶ, ಪುರ, ನದಿ, ಪರ್ವತಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಎದುರಿಗೆ ‘ಇಂದಿನ ಸ್ಥಳ’ ಎಂಬ ಅಂಕಣವನ್ನು ಎಳೆದು, ಅದನ್ನು ತುಂಬುತ್ತ ಹೋಗುವುದು ಈ ಅಧ್ಯಾಯದ ರೂಢಿ. ಅಂಕಣ ಖಾಲಿ ಉಳಿದರೆ ಸಂಶೋಧನೆ ಅಪೂರ್ಣವಾಯಿತೆಂಬ ಅಳುಕು ಸಂಶೋಧಕನಿಗೆ. ಖಾಲಿ ಬಿಟ್ಟದ್ದೇಕೆಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿಯಾರೆಂಬ ಭಯ ಬೇರೆ. ಹೀಗಾಗಿ ಹೆಸರಿನ ಹೋಲಿಕೆಯೇ ಗುರುತಿಗೆ ಸಾಕ್ಷಿಯಾಗಿಬಿಡುತ್ತದೆ. ಒಮ್ಮೆ ಅಚ್ಚಾದ ಕೋಷ್ಟಕವು ಮುಂದಿನ ಪ್ರಬಂಧಕ್ಕೆ ಆಕರವಾಗುತ್ತದೆ, ಅದು ಅದರ ಮುಂದಿನದಕ್ಕೆ. ಮೂರನೆಯ ತಲೆಮಾರಿನ ಹೊತ್ತಿಗೆ ಊಹೆಯೊಂದು ಪ್ರಮಾಣದ ಗೌರವವನ್ನು ಪಡೆದು ಕುಳಿತಿರುತ್ತದೆ.

ಪಂಪನ ಆದಿಪುರಾಣದ ಪುಷ್ಕಲಾವತಿಯನ್ನೇ ನೋಡಬಹುದು. ವಜ್ರಜಂಘ ಮತ್ತು ಶ್ರೀಮತಿಯರ ಕಥೆ ನಡೆಯುವ ದೇಶವದು. ವಜ್ರಜಂಘನದು ಉತ್ಪಲಖೇಟ, ಶ್ರೀಮತಿಯ ತಂದೆ ವಜ್ರದಂತ ಚಕ್ರವರ್ತಿಯದು ಪುಂಡರೀಕಿಣಿ. ಈಗ ಚರಿತ್ರೆಯ ಪುಸ್ತಕವನ್ನು ತೆರೆದರೆ ಅಲ್ಲಿಯೂ ಒಂದು ಪುಷ್ಕಲಾವತಿ ಸಿಗುತ್ತದೆ. ಅದು ಗಾಂಧಾರದ ಪ್ರಾಚೀನ ನಗರ, ಗ್ರೀಕರ ಬರಹಗಳಲ್ಲಿ ಉಲ್ಲೇಖಗೊಂಡದ್ದು, ಇಂದಿನ ಪಾಕಿಸ್ತಾನದ ಪೇಶಾವರದ ಸಮೀಪದ ಚಾರ್‌ಸದ್ದಾದಲ್ಲಿ ಅದರ ಅವಶೇಷಗಳಿವೆ, 1958ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಹೆಸರು ಅಕ್ಷರಶಃ ಒಂದೇ. ಅದೇ ಆದಿಪುರಾಣದಲ್ಲಿ ಮಹಾಬಲನ ಭವಕ್ಕೆ ಸಂಬಂಧಿಸಿದ ‘ಗಂಧಿಲ’ ದೇಶವೂ ಬರುತ್ತದೆ. ಗಂಧಿಲವನ್ನು ಗಾಂಧಾರವೆಂದು ಓದಿ, ಪುಷ್ಕಲಾವತಿಯನ್ನು ಅದರೊಳಗೆ ಕೂಡಿಸಿಬಿಟ್ಟರೆ ಕೋಷ್ಟಕದ ಎರಡು ಸಾಲುಗಳು ಒಟ್ಟಿಗೇ ತುಂಬುತ್ತವೆ. ನೋಡಲು ಸೊಗಸಾದ ಈ ಗುರುತು ಸಂಪೂರ್ಣ ತಪ್ಪು. ತಪ್ಪೆಂದು ಹೇಳಲು ಹೊರಗಿನ ಯಾವ ಪ್ರಮಾಣವೂ ಬೇಕಿಲ್ಲ, ಕವಿಯೇ ಅದನ್ನು ಹೇಳಿದ್ದಾನೆ.

ಜೈನಪುರಾಣಕಾರನು ಕಥೆಯನ್ನು ಆರಂಭಿಸುವುದು ವಿಳಾಸದಿಂದ. ದ್ವೀಪ, ದ್ವೀಪದೊಳಗೆ ಕ್ಷೇತ್ರ, ಕ್ಷೇತ್ರದೊಳಗೆ ದೇಶ, ದೇಶದೊಳಗೆ ಪುರ, ಆಮೇಲೆ ಅರಸು, ಅರಸಿ. ವರ್ಣನೆಯ ಭಾರಕ್ಕೆ ಬೇಸತ್ತ ವಿದ್ಯಾರ್ಥಿಯು ಹಾರಿಸಿಬಿಡುವ ಭಾಗವೇ ಇದು. ಆದರೆ ದೇಶನಾಮದ ಸ್ವರೂಪವನ್ನು ತಿಳಿಯಲು ಬೇಕಾದ ಮೊದಲ ಸಾಕ್ಷ್ಯ ಇರುವುದು ಇಲ್ಲಿಯೇ. ಪಂಪನು ಜಿನಸೇನರನ್ನು ಅನುಸರಿಸಿ ಪುಷ್ಕಲಾವತಿಯನ್ನು ಇಟ್ಟಿರುವುದು ಮೇರುವಿನ ಮೂಡಣದ ಪೂರ್ವವಿದೇಹದಲ್ಲಿ, ಗಂಧಿಲವನ್ನು ಪಡುವಣದ ಅಪರವಿದೇಹದಲ್ಲಿ. ಭರತ, ಹೈಮವತ, ಹರಿ, ವಿದೇಹ, ರಮ್ಯಕ, ಹೈರಣ್ಯವತ, ಐರಾವತ ಎಂದು ಜಂಬೂದ್ವೀಪಕ್ಕೆ ಏಳು ಕ್ಷೇತ್ರಗಳು. ಭಾರತದ ಭೂಪಟದಲ್ಲಿ ತೋರಿಸಬಹುದಾದ ಊರುಗಳೆಲ್ಲ ಮೊದಲನೆಯದಾದ ಭರತಕ್ಷೇತ್ರಕ್ಕೆ ಸೇರಿದವು. ವಿದೇಹದಲ್ಲಿರುವುದನ್ನು ಪೇಶಾವರದ ಹತ್ತಿರ ಹುಡುಕುವವನು ಕವಿ ಕೊಟ್ಟ ವಿಳಾಸದ ಮೊದಲೆರಡು ಸಾಲುಗಳನ್ನು ಹರಿದುಹಾಕಿ ಊರಿನ ಹೆಸರನ್ನಷ್ಟೇ ಹಿಡಿದು ಹೊರಟ ಅಂಚೆಯವನಂತೆ.

ವಿದೇಹದ ಮೂವತ್ತೆರಡು ದೇಶಗಳ ಹೆಸರುಗಳು ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಂಥ ಕರಣಾನುಯೋಗದ ಗ್ರಂಥಗಳಲ್ಲಿ ಕ್ರಮವಾಗಿ ದೊರೆಯುತ್ತವೆ. ಅವುಗಳ ಕ್ರಮವೇ ಗಮನಾರ್ಹವಾದುದು: ಕಚ್ಛಾ, ಸುಕಚ್ಛಾ, ಮಹಾಕಚ್ಛಾ, ಕಚ್ಛಕಾವತೀ, ಮತ್ತೆ ವತ್ಸಾ, ಸುವತ್ಸಾ, ಮಹಾವತ್ಸಾ, ವತ್ಸಕಾವತೀ, ಪದ್ಮಕ್ಕೂ ವಪ್ರಕ್ಕೂ ಇದೇ ಸರಣಿ. ಒಂದು ಪ್ರಕೃತಿಗೆ ‘ಸು’, ‘ಮಹಾ’, ‘ವತೀ’ ಹಚ್ಚಿ ನಾಲ್ಕು ನಾಲ್ಕಾಗಿ ಬೆಳೆಸಿದ ಹೆಸರುಗಳಿವು. ನೆಲದ ಮೇಲಿನ ನಾಡುಗಳಿಗೆ ಇಷ್ಟು ಶಿಸ್ತಾಗಿ ಹೆಸರು ಬೀಳುವುದಿಲ್ಲ. ಅಲ್ಲಿ ಒಂದು ಹೆಸರು ಜನಾಂಗದ್ದು, ಇನ್ನೊಂದು ಹೊಳೆಯದ್ದು, ಮತ್ತೊಂದು ಮರದ್ದು, ಮಗದೊಂದರ ಅರ್ಥ ಯಾರಿಗೂ ತಿಳಿಯದು. ಹೆಸರುಗಳ ಪಟ್ಟಿ ಅತಿ ಸುವ್ಯವಸ್ಥಿತವಾಗಿ ಕಂಡರೆ ಅದು ಶಾಸ್ತ್ರಕಾರನ ವ್ಯವಸ್ಥೆಯೆಂದು ಸಂಶೋಧಕನು ಮೊದಲು ಅನುಮಾನಿಸಬೇಕು.

ಆದರೂ ಇಂಥ ದೇಶಗಳನ್ನು ‘ಕಾಲ್ಪನಿಕ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ಕಾದಂಬರಿಕಾರನು ಕಟ್ಟಿದ ಮಾಲ್ಗುಡಿಯೂ ಪುರಾಣಕಾರನ ಪೂರ್ವವಿದೇಹವೂ ಒಂದೇ ಜಾತಿಯವಲ್ಲ. ಸೀಮಂಧರ ತೀರ್ಥಂಕರರು ಇಂದಿಗೂ ಪುಷ್ಕಲಾವತಿಯ ಪುಂಡರೀಕಿಣಿಯಲ್ಲಿ ವಿಹರಿಸುತ್ತಿದ್ದಾರೆಂದು ನಂಬಿ ನಮಿಸುವ ಪರಂಪರೆಗೆ ಅದು ಕಥೆಯ ಅನುಕೂಲಕ್ಕಾಗಿ ಹುಟ್ಟಿದ ನಾಡಲ್ಲ. ಕವಿಯು ಅದನ್ನು ಸೃಷ್ಟಿಸಿದವನೂ ಅಲ್ಲ, ಆಗಮದಿಂದ ಪಡೆದವನು. ಅದು ಬೇರೊಂದು ಭೂಗೋಳಕ್ಕೆ ಸೇರಿದ ದೇಶ. ಇಂದಿನ ಭೂಪಟಕ್ಕೆ ಅದನ್ನು ಎಳೆದು ತರುವುದು ಚರಿತ್ರೆಗೂ ಅಪಚಾರ, ಆಗಮಕ್ಕೂ ಅಪಚಾರ. ಮಾಲ್ಗುಡಿಯ ವಿಷಯದಲ್ಲಿ ಅಷ್ಟು ಬಿಗಿ ಬೇಕಿಲ್ಲವೆನ್ನಿ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಅದರ ಹೆಸರಿನ ವಸ್ತುಸಂಗ್ರಹಾಲಯವೇ ಇದೆ, ಅದರಿಂದ ಯಾರ ಪ್ರಬಂಧವೂ ಕೆಟ್ಟಿಲ್ಲ.

ವಿದೇಹ ಎಂಬ ಹೆಸರಂತೂ ಇನ್ನೂ ಕಷ್ಟದ್ದು. ಮಿಥಿಲೆಯನ್ನು ರಾಜಧಾನಿಯಾಗಿ ಉಳ್ಳ ವಿದೇಹ ಇಂದಿನ ಬಿಹಾರದ ಉತ್ತರಭಾಗದ ಪ್ರಾಚೀನ ದೇಶ. ಜಿನಸೇನರಿಗೆ ಈ ಎರಡು ವಿದೇಹಗಳ ಅಂತರ ಚೆನ್ನಾಗಿ ತಿಳಿದಿತ್ತು. ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಅವರ ಸಂಸ್ಕೃತ ಆದಿಪುರಾಣದಲ್ಲಿ, ವೃಷಭನಾಥನ ಆದೇಶದಂತೆ ಇಂದ್ರನು ಭರತಕ್ಷೇತ್ರದ ದೇಶಗಳನ್ನು ವಿಭಾಗಿಸಿದ ಸಂದರ್ಭದಲ್ಲಿ ಒಂದು ದೀರ್ಘ ಪಟ್ಟಿ ಬರುತ್ತದೆ. ಕೋಸಲ, ಅವಂತಿ, ಅಶ್ಮಕ, ಕಳಿಂಗ, ಅಂಗ, ವಂಗ, ಮಗಧಗಳ ಜೊತೆಗೆ ವಿದೇಹವೂ ಅಲ್ಲಿದೆ. ಅದು ಮಿಥಿಲೆಯ ವಿದೇಹ. ಮೇರುವಿನ ಎರಡು ಮಗ್ಗುಲುಗಳಲ್ಲಿ ಹರಡಿದ ವಿದೇಹಕ್ಷೇತ್ರದ ವರ್ಣನೆ ಅದೇ ಗ್ರಂಥದಲ್ಲಿ ಬೇರೆಡೆ ಇದೆ. ಒಂದೇ ಗ್ರಂಥ, ಒಂದೇ ಹೆಸರು, ಎರಡು ವಿಳಾಸ.

ಆ ಪಟ್ಟಿಯಲ್ಲಿ ಕನ್ನಡಿಗರ ಮನಸ್ಸು ತಡೆದು ನಿಲ್ಲುವ ಎರಡು ಹೆಸರುಗಳಿವೆ: ಕರ್ಣಾಟ ಮತ್ತು ವನವಾಸ. ಯುಗಾರಂಭದಲ್ಲಿ ಇಂದ್ರನು ಸ್ಥಾಪಿಸಿದ ದೇಶಗಳಲ್ಲಿ ನಮ್ಮ ನಾಡೂ ಬನವಾಸಿಯೂ ಇದ್ದುವೆಂಬುದನ್ನು ಹೆಮ್ಮೆಯಿಂದ ಉದ್ಧರಿಸುವ ಲೇಖಕನು ಅದೇ ಪಟ್ಟಿಯ ಕೊನೆಯ ಭಾಗದ ಯವನ, ತುರುಷ್ಕ, ಶಕ ಎಂಬ ಹೆಸರುಗಳನ್ನೂ ಓದಬೇಕು. ಇವೆಲ್ಲ ನಿಜವಾದ ಹೆಸರುಗಳೇ. ಆದರೆ ಈ ಪಟ್ಟಿ ಸಾಕ್ಷಿ ನುಡಿಯುವುದು ವೃಷಭನಾಥನ ಕಾಲಕ್ಕಲ್ಲ, ಜಿನಸೇನರ ಕಾಲಕ್ಕೆ. ಅಮೋಘವರ್ಷನ ಗುರುವಾಗಿದ್ದ ಒಬ್ಬ ಮುನಿಗೆ ದೇಶವೆಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಅರಿವಿತ್ತೆಂಬುದನ್ನು ಅದು ತಿಳಿಸುತ್ತದೆ, ಆ ಮಟ್ಟಿಗೆ ಅದು ಅಮೂಲ್ಯ. ದೇಶ ನಿಜ, ಅದನ್ನು ಇರಿಸಿದ ಕಾಲ ಪುರಾಣದ್ದು. ‘ನಿಜವೋ ಕಲ್ಪಿತವೋ’ ಎಂಬ ಒಂದೇ ಪ್ರಶ್ನೆಯನ್ನು ಕೇಳುವವನಿಗೆ ಇಂಥ ಕಡೆ ಉತ್ತರ ಸಿಗುವುದಿಲ್ಲ.

ಕವಿ ಭರತಕ್ಷೇತ್ರದ ಆರ್ಯಾಖಂಡದಲ್ಲಿಯೇ ಇರಿಸಿದ ದೇಶಗಳ ವಿಷಯ ಬಂದಾಗ ವಿಳಾಸವೊಂದೇ ಸಾಲದು. ಇಲ್ಲಿ ಕಾವ್ಯದ ಹೊರಗಿನ ಸಾಕ್ಷಿಯನ್ನು ಕರೆಯಬೇಕಾಗುತ್ತದೆ. ಇದಕ್ಕೆ ಎರಡು ರಾಜಪುರಗಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ಜನ್ನನ ಯಶೋಧರ ಚರಿತೆಯಲ್ಲಿ (1209) ಮಾರಿದತ್ತನು ಆಳುವುದು ಯೌಧೇಯ ದೇಶದ ರಾಜಪುರವನ್ನು. ಭಾಸ್ಕರನ ಜೀವಂಧರ ಚರಿತೆಯಲ್ಲಿ (1424) ಕಥೆ ನಡೆಯುವುದು ಹೇಮಾಂಗದ ದೇಶದ ರಾಜಪುರದಲ್ಲಿ. ಎರಡೂ ಹೆಸರುಗಳು ಸಾಮಾನ್ಯ ಓದುಗನಿಗೆ ಒಂದೇ ಬಗೆಯವಾಗಿ ಕೇಳುತ್ತವೆ. ಯೋಧರ ನಾಡು ಯೌಧೇಯ, ಹೊನ್ನಿನ ತೋಳ್ಬಳೆಯ ನಾಡು ಹೇಮಾಂಗದ. ತರಗತಿಯಲ್ಲಿ ಕೇಳಿದರೆ ಎರಡೂ ಕಟ್ಟುಕಥೆಯ ದೇಶಗಳೆಂದೇ ಹೆಚ್ಚಿನ ವಿದ್ಯಾರ್ಥಿಗಳು ಹೇಳಿಯಾರು.

ಯೌಧೇಯರು ನಿಜವಾಗಿ ಇದ್ದರು. ಪಾಣಿನಿಗೆ ಅವರು ಗೊತ್ತು. ರುದ್ರದಾಮನು ಜುನಾಗಢದ ಬಂಡೆಯ ಮೇಲೆ ಶಕ 72ರ, ಎಂದರೆ ಕ್ರಿ.ಶ. 150ರ ಸುಮಾರಿನ ಶಾಸನದಲ್ಲಿ, ವೀರರೆಂಬ ಬಿರುದಿನಿಂದ ಬೀಗುತ್ತಿದ್ದ ಯೌಧೇಯರನ್ನು ತಾನು ಮುರಿದೆನೆಂದು ಹೇಳಿಕೊಂಡಿದ್ದಾನೆ. ನಾಲ್ಕನೆಯ ಶತಮಾನದ ಸಮುದ್ರಗುಪ್ತನ ಪ್ರಯಾಗಪ್ರಶಸ್ತಿಯಲ್ಲಿ, ಕಪ್ಪ ಕೊಟ್ಟು ವಿಧೇಯರಾದ ಗಣಗಳ ಸಾಲಿನಲ್ಲಿ ಅವರಿದ್ದಾರೆ. ‘ಯೌಧೇಯ ಗಣಕ್ಕೆ ಜಯ’ ಎಂಬ ಅರ್ಥದ ಬರಹವನ್ನೂ ಕಾರ್ತಿಕೇಯನ ರೂಪವನ್ನೂ ಹೊತ್ತ ಅವರ ನಾಣ್ಯಗಳು ದೊರೆತಿವೆ. ಹರಿಯಾಣದ ರೋಹತಕ್‌ನ ಖೋಖರಾಕೋಟ್ ದಿಬ್ಬದಲ್ಲಿ 1936ರಲ್ಲಿ ನಾಣ್ಯ ಎರಕಹೊಯ್ಯುವ ಮಣ್ಣಿನ ಅಚ್ಚುಗಳನ್ನು ಕಂಡುಹಿಡಿದವರು ಬೀರಬಲ್ ಸಾಹ್ನಿ. ಅವರು ಸಸ್ಯಗಳ ಪಳೆಯುಳಿಕೆಗಳನ್ನು ಅಭ್ಯಸಿಸುತ್ತಿದ್ದ ವಿಜ್ಞಾನಿ. ಸಾಹಿತ್ಯದ ಒಂದು ದೇಶನಾಮಕ್ಕೆ ನೆಲದ ಪುರಾವೆ ಸಸ್ಯಶಾಸ್ತ್ರಜ್ಞನ ಕೈಯಿಂದ ಬಂದದ್ದು ವಿದ್ವತ್ತಿನ ವಿನೋದಗಳಲ್ಲೊಂದು.

ಹೇಮಾಂಗದದ ಪಕ್ಷದಲ್ಲಿ ಇಂಥ ಯಾವ ಸಾಕ್ಷಿಯೂ ಇಲ್ಲ. ಗುಣಭದ್ರರ ಉತ್ತರಪುರಾಣ, ವಾದೀಭಸಿಂಹನ ಗದ್ಯಚಿಂತಾಮಣಿ ಮತ್ತು ಕ್ಷತ್ರಚೂಡಾಮಣಿ, ತಮಿಳಿನ ಜೀವಕಚಿಂತಾಮಣಿ, ಕನ್ನಡದ ಜೀವಂಧರ ಕಾವ್ಯಗಳು ಹೀಗೆ ಉಲ್ಲೇಖಗಳೇನೋ ಹಲವು. ಆದರೆ ಎಲ್ಲವೂ ಒಂದೇ ಕಥೆಯ ಸಂತಾನ. ಹತ್ತು ಕವಿಗಳು ಹೇಳಿದ ಮಾತ್ರಕ್ಕೆ ಹತ್ತು ಸಾಕ್ಷಿಗಳಾಗುವುದಿಲ್ಲ. ‘ಹೇಮ’ ಎಂಬ ಶಬ್ದವನ್ನು ಹಿಡಿದು ಕೋಲಾರದ ಚಿನ್ನದ ಗಣಿಯವರೆಗೆ ನಡೆದುಹೋಗುವುದು ಸುಲಭ, ಕನ್ನಡಿಗರಿಗೆ ಪ್ರಿಯವೂ ಹೌದು. ಆದರೆ ಹೆಸರಿನ ಅರ್ಥದಿಂದ ನೆಲವನ್ನು ನಿರ್ಣಯಿಸುವ ಈ ವಿಧಾನವನ್ನು ಒಪ್ಪಿದರೆ, ಚಿನ್ನ ಸಿಗುವ ಪ್ರತಿಯೊಂದು ಜಿಲ್ಲೆಗೂ ಜೀವಂಧರನ ಮೇಲೆ ಹಕ್ಕು ಬರುತ್ತದೆ. ಹಾಗೆಂದು ಹೇಮಾಂಗದವು ಇರಲೇ ಇಲ್ಲವೆಂದು ತೀರ್ಪು ಕೊಡುವುದೂ ಅವಸರದ ಮಾತು. ಭಗವತೀಸೂತ್ರದ ಹದಿನಾರು ಜನಪದಗಳ ಪಟ್ಟಿಯಲ್ಲಿ ಮೋಲಿ, ಅವಾಹ, ಸಂಭುತ್ತರ ಮೊದಲಾದ ಹೆಸರುಗಳಿಗೆ ಒಪ್ಪಿತವಾದ ನೆಲ ದೊರೆತಿಲ್ಲ. ಅವುಗಳನ್ನು ಯಾರೂ ಕಟ್ಟುಕಥೆ ಎನ್ನುವುದಿಲ್ಲ. ಸಿಗದಿರುವುದು ಬೇರೆ, ಇಲ್ಲದಿರುವುದು ಬೇರೆ. ಹೇಮಾಂಗದದ ಎದುರಿಗೆ ‘ಗುರುತಿಸಲಾಗಿಲ್ಲ’ ಎಂದು ಬರೆಯುವ ಸಂಶೋಧಕನು ಸೋತವನಲ್ಲ, ಸತ್ಯವನ್ನು ಹೇಳಿದವನು.

ಯೌಧೇಯವು ನಿಜವೆಂದು ತಿಳಿದ ಮೇಲೆ ಇನ್ನೊಂದು ಎಡವಟ್ಟು ಕಾದಿರುತ್ತದೆ. ಚಾರಿತ್ರಿಕ ಯೌಧೇಯರದು ಗಣರಾಜ್ಯ. ರಾಜಸ್ಥಾನದ ಬಿಜಯಗಢದ ಶಿಲಾಶಾಸನದಲ್ಲಿ ಮಹಾರಾಜ ಮಹಾಸೇನಾಪತಿ ಎಂಬ ಪದವಿಯ ನಾಯಕನೊಬ್ಬನ ಉಲ್ಲೇಖವಿದೆ, ಆದರೆ ಅವನು ಗಣದಿಂದ ಪುರಸ್ಕೃತನಾದವನು, ಕುಲಕ್ರಮದಿಂದ ಬಂದ ಅರಸನಲ್ಲ. ಕಾವ್ಯದ ಯೌಧೇಯದಲ್ಲಾದರೋ ಮಾರಿದತ್ತನೆಂಬ ಅರಸನಿದ್ದಾನೆ, ಅವನ ಊರಿನ ಹೆಸರೇ ರಾಜಪುರ. ಈ ಕಥೆಯನ್ನು ಯಶಸ್ತಿಲಕದಲ್ಲಿ ವಿಸ್ತರಿಸಿದ ಸೋಮದೇವನು ತನ್ನ ಕೃತಿಯನ್ನು ಮುಗಿಸಿದ್ದು ಕ್ರಿ.ಶ. 959ರಲ್ಲಿ. ಸಮುದ್ರಗುಪ್ತನ ಕಾಲದಿಂದ ಆರು ಶತಮಾನಗಳು ಕಳೆದಿದ್ದುವು. ದಕ್ಷಿಣದ ಮುನಿಯೊಬ್ಬನಿಗೆ ಆ ಹೆಸರು ತಲುಪುವ ಹೊತ್ತಿಗೆ ಗಣ ಕರಗಿ, ಹೆಸರಷ್ಟೇ ಉಳಿದಿತ್ತು. ಯೌಧೇಯದ ನಾಣ್ಯಗಳನ್ನು ತೋರಿಸಿ ಮಾರಿದತ್ತನ ಚಾರಿತ್ರಿಕತೆಯನ್ನು ಸಾಧಿಸಹೊರಡುವವರು ಗಮನಿಸಬೇಕಾದದ್ದು ಇದನ್ನು. ಹೆಸರು ನೆಲದ್ದು, ಅರಸು ಕಥೆಯದು. ಸೋಮದೇವನಿಂದ ಹಿಡಿದು ವಾದಿರಾಜ, ಜನ್ನರವರೆಗೆ ಯಾರೂ ಈ ದೇಶನಾಮವನ್ನು ಬದಲಿಸಲಿಲ್ಲವೇಕೆಂಬುದು ಸಾಹಿತ್ಯದ ವಿದ್ಯಾರ್ಥಿ ಕೇಳಬೇಕಾದ ಹೆಚ್ಚು ಫಲವತ್ತಾದ ಪ್ರಶ್ನೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯ ಫಲವನ್ನು ಭವಭವಗಳ ಉದ್ದಕ್ಕೂ ಹೇಳುವ ಕಥೆಯನ್ನು ‘ಯುದ್ಧ’ದ ಧಾತುವಿನಿಂದಲೇ ಹುಟ್ಟಿದ ಹೆಸರಿನ ದೇಶದಲ್ಲಿ ನಿಲ್ಲಿಸಿದಾಗ ಆ ಹೆಸರು ಭೂಗೋಳವನ್ನು ಮೀರಿದ ಕೆಲಸವನ್ನು ಮಾಡುತ್ತದೆ.

ಎಲ್ಲವೂ ಕವಿಸಮಯವೆಂದು ತಳ್ಳಿಹಾಕುವ ಇನ್ನೊಂದು ಪಕ್ಷವೂ ಇದೆ. ಸ್ವಯಂವರ ಮಂಟಪದಲ್ಲಿ ಲಾಟ, ಗುರ್ಜರ, ಕಳಿಂಗ, ನೇಪಾಳಗಳ ಅರಸರು ಸಾಲಾಗಿ ಕುಳಿತಾಗ, ಛಪ್ಪನ್ನೈವತ್ತಾರು ದೇಶಗಳ ಮಾತು ಬಂದಾಗ, ಈ ಪಕ್ಷದ ಮಾತು ಒಪ್ಪತಕ್ಕದ್ದೇ. ಅಲ್ಲಿ ಹೆಸರುಗಳು ನಿಜ, ಬಳಕೆ ಮಾತ್ರ ಸಿದ್ಧಪಾಠ. ಆದರೆ ಅದನ್ನೇ ಸೂತ್ರವಾಗಿ ಹಿಡಿದರೆ ನಷ್ಟ ದೊಡ್ಡದು. ಕಟ್ಟುಹೆಸರಿನಂತೆ ಕಾಣುವುದೇ ಕೆಲವೊಮ್ಮೆ ಅಚ್ಚ ಆಡಳಿತದ ಹೆಸರಾಗಿರುತ್ತದೆ. ಬನವಾಸಿ ಪನ್ನಿರ್ಚ್ಛಾಸಿರ, ಗಂಗವಾಡಿ ತೊಂಬತ್ತಾರುಸಾಸಿರಗಳು ಶಾಸನಗಳಿಂದ ಪರಿಚಿತವಾಗಿರುವುದರಿಂದ ವಿಚಿತ್ರವೆನಿಸುವುದಿಲ್ಲ, ಅಷ್ಟೆ. ಪಂಪನು ವಿಕ್ರಮಾರ್ಜುನ ವಿಜಯದ ಪೀಠಿಕೆಯಲ್ಲಿ ತನ್ನ ಆಶ್ರಯದಾತ ಅರಿಕೇಸರಿಯ ಪೂರ್ವಜ ಯುದ್ಧಮಲ್ಲನು ‘ಸಪಾದಲಕ್ಷ’ವನ್ನು ಆಳಿದನೆನ್ನುತ್ತಾನೆ. ಒಂದೂಕಾಲು ಲಕ್ಷ ಎಂಬ ಈ ಹೆಸರು ಕಥೆಯ ದೇಶದಂತೆ ಕೇಳಿಸಿದರೂ ಅದು ವೇಮುಲವಾಡದ ಚಾಲುಕ್ಯರ ನಿಜವಾದ ನಾಡು. ಇದೇ ಹೆಸರಿನ ಇನ್ನೊಂದು ನಾಡು ರಾಜಸ್ಥಾನದ ಚೌಹಾಣರದಾದ್ದರಿಂದ ಇಲ್ಲಿಯೂ ಎಚ್ಚರ ಬೇಕು.

ಆ ಪೀಠಿಕೆಯಲ್ಲಿಯೇ ಈ ಚರ್ಚೆಯ ಅತ್ಯಂತ ಕಠಿಣವಾದ ಹೆಸರು ಬರುತ್ತದೆ. ಯುದ್ಧಮಲ್ಲನು ಎಣ್ಣೆ ತುಂಬಿದ ಕೊಳಗಳಲ್ಲಿ ದಿನವೂ ಐನೂರು ಆನೆಗಳನ್ನು ಮೀಯಿಸುತ್ತಿದ್ದನಂತೆ, ಬೋದನದಲ್ಲಿ. ಸಂಖ್ಯೆಯಲ್ಲಿ ಕವಿಯ ಉತ್ಪ್ರೇಕ್ಷೆ ಇರಬಹುದು. ಆದರೆ ಎಣ್ಣೆಯ ಮಜ್ಜನದ ಸಂಗತಿ ಅದೇ ವಂಶದ 966ರ ಪರಭಣಿ ತಾಮ್ರಶಾಸನದಲ್ಲಿಯೂ ಇದೆ. ಸೋಮದೇವನಿಗೆ ದಾನ ಕೊಟ್ಟ ಶಾಸನವೂ ಅದೇ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಈ ಬೋದನವೇ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಇಂದಿನ ಬೋಧನ್. ಬೌದ್ಧಸಾಹಿತ್ಯವು ಅಶ್ಮಕದ ರಾಜಧಾನಿಯೆಂದು ಹೇಳುವ ಪೋತನವೂ ಇದೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇತ್ತ 941ರ ಆದಿಪುರಾಣದಲ್ಲಿ ಅದೇ ಪಂಪನು ಬಾಹುಬಲಿಯ ರಾಜಧಾನಿಯಾಗಿ ಪೌದನಪುರವನ್ನು ವರ್ಣಿಸುತ್ತಾನೆ. ಲೌಕಿಕ ಕಾವ್ಯದಲ್ಲಿ ಬೋದನ, ಆಗಮಿಕ ಕಾವ್ಯದಲ್ಲಿ ಪೌದನ. ಆಶ್ರಯದಾತನ ವಂಶದ ಊರಿಗೆ ಜನರ ಬಾಯಿಯ ರೂಪ, ತೀರ್ಥಂಕರಪುತ್ರನ ಊರಿಗೆ ಗ್ರಂಥಸ್ಥ ರೂಪ. ಎರಡೂ ಒಂದೇ ಊರೆಂದು ಪಂಪನು ಎಲ್ಲಿಯೂ ಹೇಳುವುದಿಲ್ಲ. ಅವನಿಗೆ ಇದು ಗೊತ್ತಿರಲಿಲ್ಲವೆಂದು ನಂಬುವುದಕ್ಕಿಂತ, ಎರಡನ್ನು ಬೆರೆಸುವ ಅಗತ್ಯ ಅವನಿಗೆ ಕಾಣಲಿಲ್ಲವೆಂದು ತಿಳಿಯುವುದು ಯುಕ್ತ.

ಪೌದನದ ಹೆಸರು ನೆಲದಿಂದಲೇ ಬಂದಿರಬಹುದು. ಆದರೆ ಪರಂಪರೆಯೊಳಗೆ ಅದು ನೆಲವನ್ನು ಬಿಟ್ಟು ಎದ್ದ ಬಗೆಯನ್ನು ನೋಡಬೇಕು. ಗುಣಭದ್ರರು ಉತ್ತರಪುರಾಣದ ಪಾರ್ಶ್ವನಾಥ ಚರಿತೆಯಲ್ಲಿ ಪೌದನವನ್ನು ಇರಿಸುವುದು ಅಶ್ಮಕದಲ್ಲಲ್ಲ, ಭರತಕ್ಷೇತ್ರದ ‘ಸುರಮ್ಯ’ ದೇಶದಲ್ಲಿ. ಅಶ್ಮಕವೆಂಬ ಹೆಸರು ಅವರ ಗುರುಗಳ ಪಟ್ಟಿಯಲ್ಲಿಯೇ ಇದ್ದರೂ. ಸುರಮ್ಯವೆಂಬುದು ಮೆಚ್ಚುಗೆಯ ವಿಶೇಷಣ. ವಿದೇಹದ ಮೂವತ್ತೆರಡರಲ್ಲಿಯೂ ಒಂದು ಸುರಮ್ಯಾ ಇದೆ. ಇನ್ನು ಶ್ವೇತಾಂಬರ ಪರಂಪರೆಯ ಹೇಮಚಂದ್ರರಲ್ಲಿ ಬಾಹುಬಲಿಯ ರಾಜಧಾನಿ ಪೌದನವೇ ಅಲ್ಲ, ತಕ್ಷಶಿಲೆ. ವಿಮಲಸೂರಿಯ ಪಉಮಚರಿಯದಲ್ಲಿಯೂ ತಕ್ಷಶಿಲೆಯೇ. ಒಂದೇ ಕಥೆಯ ಒಂದೇ ಅರಮನೆಗೆ ಒಂದು ಪರಂಪರೆ ವಾಯವ್ಯದ ನಗರವನ್ನೂ ಇನ್ನೊಂದು ದಕ್ಷಿಣಾಪಥದ ನಗರದ ಹೆಸರನ್ನೂ ಕೊಟ್ಟಿವೆ. ಎರಡೂ ಚರಿತ್ರೆಯಲ್ಲಿ ಇದ್ದ ನಗರಗಳೇ. ‘ನಿಜವಾದ’ ಪೌದನಪುರ ಯಾವುದೆಂಬ ವಾದವು ಇಲ್ಲಿ ಎಷ್ಟು ಬೆಳೆದರೂ ಬಗೆಹರಿಯದು, ಏಕೆಂದರೆ ಕೇಳಿದ ಪ್ರಶ್ನೆಯೇ ಸರಿಯಿಲ್ಲ.

ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಬೊಪ್ಪಣನ ಶಾಸನಕಾವ್ಯ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಭರತನು ಪೌದನಪುರದಲ್ಲಿ 525 ಬಿಲ್ಲುಗಳೆತ್ತರದ ಬಾಹುಬಲಿಯ ಪ್ರತಿಮೆಯನ್ನು ಮಾಡಿಸಿದನು. ಕಾಲಾಂತರದಲ್ಲಿ ಕುಕ್ಕುಟಸರ್ಪಗಳು ಆ ಪ್ರದೇಶವನ್ನು ವ್ಯಾಪಿಸಿ ಅದು ಸಾಮಾನ್ಯರ ಕಣ್ಣಿಗೆ ಮರೆಯಾಯಿತು. ಅದನ್ನು ನೋಡಬೇಕೆಂದು ಹೊರಡಲಿದ್ದ ಚಾವುಂಡರಾಯನಿಗೆ ಆ ಪುರವು ದೂರ, ದುರ್ಗಮವೆಂದು ಬಲ್ಲವರು ತಿಳಿಸಿದರು. ಆಗ ಅವನು ಬೆಳಗೊಳದಲ್ಲಿಯೇ ಪ್ರತಿಮೆಯನ್ನು ಮಾಡಿಸಿದನು. ಚಾವುಂಡರಾಯನು ಗಂಗರ ಸೇನಾಪತಿ. ಅವನ ಒಡೆಯರೂ ವೇಮುಲವಾಡದ ಚಾಲುಕ್ಯರೂ ಒಂದೇ ರಾಷ್ಟ್ರಕೂಟ ಚಕ್ರವರ್ತಿಗೆ ನಡೆದುಕೊಂಡವರು. ಗೋದಾವರಿಯ ಆಚೀಚಿನ ದಾರಿಗಳು ಇಂಥ ದಂಡನಾಯಕನಿಗೆ ಹೋಗಲಾರದವಾಗಿದ್ದುವೆಂದು ಹೇಳುವುದು ಕಷ್ಟ. ಬೊಪ್ಪಣನ ಪೌದನವು ಬೋಧನ್ ಅಲ್ಲವೆಂಬುದಕ್ಕೆ, ಅಥವಾ ಬೋಧನ್ ಆಗಿ ಉಳಿದಿರಲಿಲ್ಲವೆಂಬುದಕ್ಕೆ, ಬೇರೆ ಆಧಾರ ಬೇಕಿಲ್ಲ.

ಆದ್ದರಿಂದ ಆ ಕೋಷ್ಟಕವನ್ನು ತಯಾರಿಸಲೇಬೇಕಾದ ಸಂಶೋಧಕನು ಬೋದನಕ್ಕೆ ಒಂದು ಸಾಲು, ಪೌದನಪುರಕ್ಕೆ ಬೇರೊಂದು ಸಾಲು ಇಡತಕ್ಕದ್ದು. ಮೊದಲನೆಯದರ ಎದುರಿಗೆ ನಿಜಾಮಾಬಾದ್ ಜಿಲ್ಲೆಯ ಬೋಧನ್ ಎಂದು ನಿರಾತಂಕವಾಗಿ ಬರೆಯಬಹುದು. ಎರಡನೆಯದರ ಎದುರಿಗೆ ಬರೆಯಬೇಕಾದದ್ದು ಊರಿನ ಹೆಸರನ್ನಲ್ಲ: ಜಿನಸೇನರಿಂದ ಪಂಪನಿಗೂ ಬೊಪ್ಪಣನಿಗೂ ಆ ಹೆಸರು ನಡೆದುಬಂದ ಕ್ರಮವನ್ನು, ಗುಣಭದ್ರರಲ್ಲಿ ಅದಕ್ಕೆ ಸಿಕ್ಕಿದ ಸುರಮ್ಯವನ್ನು, ಹೇಮಚಂದ್ರರಲ್ಲಿ ಅದರ ಸ್ಥಾನದಲ್ಲಿ ನಿಂತ ತಕ್ಷಶಿಲೆಯನ್ನು. ಅಂಕಣ ಚಿಕ್ಕದಾಯಿತೆನಿಸಿದರೆ ಕೋಷ್ಟಕವನ್ನು ಬಿಟ್ಟು ಅಧ್ಯಾಯವನ್ನೇ ಬರೆಯಬಹುದು.